ಬೋರ್ಡು ಹೇಳಿದ ಬೆಲೆ

ಪೇಂಟರ್ ಕೈಯಲ್ಲಿ ಬಣ್ಣದ ಡಬ್ಬಿ ಹಿಡಿದು, ಕಿವಿಯ ಸಂದಿಗೆ ಕುಂಚ ಸಿಕ್ಕಿಸಿಕೊಂಡು ಬಾರಿನೊಳಗೆ ಕಾಲಿಟ್ಟರೆ ಸಾಕು, ಕೂತವರ ಮುಖವೆಲ್ಲ ಹುಳಿ ಹಿಂಡಿದಂತಾಗುತ್ತಿತ್ತು.

"ಬಂದ ನೋಡ್ರಪ್ಪ!" ಎಂದು ಒಬ್ಬ ಗ್ಲಾಸನ್ನು ಎದೆಗೆ ಅವುಚಿಕೊಳ್ಳುತ್ತಿದ್ದ. "ಇವನು ಏಣಿ ಹತ್ತೋದ್ರೊಳಗೆ ಇನ್ನೊಂದೊಂದು ಹೇಳ್ಬಿಡ್ರೋ" ಎಂದು ಇನ್ನೊಬ್ಬ ಕೂಗುತ್ತಿದ್ದ. ಏಣಿಯನ್ನೇ ಅಲ್ಲಾಡಿಸುತ್ತೇನೆಂದು ಹೆದರಿಸಿದವರೂ ಉಂಟು.

ಪಾಪ, ಅವನ ತಪ್ಪೇನೂ ಇರಲಿಲ್ಲ. ಕೌಂಟರಿನ ಹಿಂದೆ, ಬಾಟಲುಗಳ ಸಾಲಿನ ಮೇಲೆ ಒಂದು ಮರದ ಬೋರ್ಡು ನೇತುಹಾಕಿತ್ತು. ಅದರ ಎಡಕ್ಕೆ 'ಬಿಯರ್' ಎಂದು ಕೆಂಪಕ್ಷರ, ಬಲಕ್ಕೆ ಒಂದು ಕಪ್ಪು ಚೌಕ, ಆ ಚೌಕದಲ್ಲಿ ಬೆಲೆ. ಮೀಸೆ ಸರಿಯಾಗಿ ಮೂಡದ ವಯಸ್ಸಿನಲ್ಲಿ ಅದನ್ನು ಮೊದಲು ಬರೆದವನೂ ಅವನೇ, ಆಮೇಲೆ ಬೆಲೆ ಏರಿದಾಗಲೆಲ್ಲ ಹಳೇ ಅಂಕಿಯ ಮೇಲೆ ಕಪ್ಪು ಬಳಿದು ಹೊಸ ಅಂಕಿ ಕೂರಿಸಿದವನೂ ಅವನೇ. ಏರಿಸಿದವರು ಬೇರೆ ಯಾರೋ. ಬೈಗುಳ ಮಾತ್ರ ಕುಂಚ ಹಿಡಿದವನ ಪಾಲಿಗೆ.

ಆ ಬೋರ್ಡಿಗೆ ಅಂಥ ಗತ್ತು ಬಂದದ್ದು ಬಾರಿನ ದೊಡ್ಡ ಯಜಮಾನನಿಂದ. ಹಿಂದೊಮ್ಮೆ ಬಿಲ್ಲಿನಲ್ಲೊಂದು ಬೋರ್ಡಿನಲ್ಲೊಂದು ಬೆಲೆ ಬಂದು, ಕುರ್ಚಿ ಮುರಿಯುವಷ್ಟು ಗಲಾಟೆ ಆಗಿತ್ತು. ಅವತ್ತು ಆತ ಕೌಂಟರ್ ಗುದ್ದಿ, "ಇವತ್ತಿಂದ ಬೋರ್ಡಲ್ಲಿ ಇದ್ದಷ್ಟೇ. ನಾನು ಹೇಳಿದ್ರೂ ಕೇಳ್ಬೇಡಿ, ಬೋರ್ಡು ಹೇಳಿದ್ದು ಕೇಳಿ" ಎಂದುಬಿಟ್ಟ. ಈಗ ಆತನಿಗೆ ವಯಸ್ಸಾಗಿ, ಬಾಗಿಲ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕಾಲು ನೀಡಿ ಕೂತಿರುತ್ತಿದ್ದ. ಗಲ್ಲಾದಲ್ಲಿ ಮಗಳು. ನಿಯಮ ಮಾತ್ರ ಇನ್ನೂ ಜಾರಿಯಲ್ಲಿತ್ತು.

ಶನಿವಾರ ಸಂಜೆ ಅದೇ ಪೇಂಟರ್ ಬರಿಗೈಯಲ್ಲಿ ಬಂದರೆ ಯಾರ ತಕರಾರೂ ಇಲ್ಲ. ಅವತ್ತು ಅವನೂ ಗಿರಾಕಿ. ಕಿಟಕಿ ಪಕ್ಕದ ಟೇಬಲ್ಲು, ಮೂರು ಕುರ್ಚಿ: ಒಂದರಲ್ಲಿ ಇವನು, ಇನ್ನೊಂದರಲ್ಲಿ ಊರ ಬಸ್ಸು ಓಡಿಸುವ ಡ್ರೈವರ್, ಮತ್ತೊಂದರಲ್ಲಿ ಗಡಿಯಾರ ರಿಪೇರಿಯವನು. ಆ ಮೂರನೆಯವನನ್ನು ಶಾಲೆಯಿಂದಲೂ ಇವರು ಕರೆಯುತ್ತಿದ್ದುದು ಟಿಕ್ಕಣ್ಣ ಎಂದು. ಮೂವರಿಗೆ ಮೂರು ಸರದಿ. ಒಬ್ಬೊಬ್ಬ ಒಂದೊಂದು ಸಲ ಮೂವರಿಗೂ ಹೇಳಬೇಕು, ಹೇಳಿದವನೇ ಕೊಡಬೇಕು. ಮದುವೆ, ಮಕ್ಕಳು, ಬಾಡಿಗೆ, ಹಲ್ಲುನೋವು, ಏನೇ ಬಂದರೂ ಈ ಸರದಿ ತಪ್ಪಿರಲಿಲ್ಲ.

ಈಚೆಗೆ ತಪ್ಪಿತ್ತು. ಹೋದ ಸಲ ಪೇಂಟರ್ ಏಣಿ ಹತ್ತಿ ಇಳಿದ ಮೇಲೆ ಟಿಕ್ಕಣ್ಣ ಬರುವುದನ್ನು ನಿಲ್ಲಿಸಿದ್ದ.

ಮೊದಲು ಹೊಟ್ಟೆ ಸರಿಯಿಲ್ಲ ಎಂದ. ಆಮೇಲೆ ಯಾರದೋ ಗೋಡೆ ಗಡಿಯಾರ ಅರ್ಜೆಂಟು ಎಂದ. ಆಮೇಲೆ ಏನೂ ಹೇಳುವುದನ್ನೇ ಬಿಟ್ಟ. ಖಾಲಿ ಕುರ್ಚಿಯ ಮೇಲೆ ಡ್ರೈವರ್ ತನ್ನ ಚೀಲ ಇಟ್ಟುಕೊಳ್ಳಲು ಶುರುಮಾಡಿದ. ಪೇಂಟರಿಗೆ ಆ ಚೀಲ ಕಂಡರೆ ಆಗುತ್ತಿರಲಿಲ್ಲ.

"ತೆಗಿಯೋ ಅದನ್ನ."

"ಯಾಕೆ, ನಿನಗೇನು ಕಚ್ತಾ ಇದೆಯಾ?"

"ಅದು ಅವನ ಕುರ್ಚಿ."

"ಅವನೇ ಬರಲ್ಲ ಅಂತಾನೆ, ಕುರ್ಚಿ ಏನು ಮಾಡ್ತದೆ?" ಎಂದ ಡ್ರೈವರ್. ಆದರೂ ಚೀಲ ತೆಗೆದು ಕಾಲ ಬಳಿ ಇಟ್ಟುಕೊಂಡ.

ಬೆಲೆಯ ಕಥೆ ಪೇಂಟರನ ಮನೆಯಲ್ಲಿ ಹಳೇ ಜೋಕು. ಅಂಗಡಿಯಲ್ಲಿ ಯಾವ ಚೀಟಿ ನೋಡಿದರೂ ಅವನ ಬಾಯಿಂದ ಬರುವ ಮಾತು ಒಂದೇ. ಆ ವಾರ ಮಗಳಿಗೆ ಶಾಲೆಯ ಶೂ ತೆಗೆದುಕೊಟ್ಟು ಬಂದ ದಿನವೂ ಅಷ್ಟೇ. ಅವಳು ಹೊಸ ಶೂ ಹಾಕಿಕೊಂಡು ಅಡುಗೆಮನೆಯಲ್ಲಿ ಟಕಟಕ ಓಡಾಡುತ್ತಿದ್ದಳು, ಇವನು ಈರುಳ್ಳಿ ಹೆಚ್ಚುತ್ತಿದ್ದ. ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದ ಹೆಂಡತಿ ಕಾಲನ್ನು ಬಿಸಿನೀರಿನ ಬಕೆಟ್ಟಿನಲ್ಲಿಟ್ಟುಕೊಂಡು ಕೂತಿದ್ದಳು.

"ಈ ಶೂ ದುಡ್ಡಲ್ಲಿ ಆಗಿನ ಕಾಲದಲ್ಲಿ..." ಎಂದು ಶುರುಮಾಡಿದ.

"ಇಡೀ ಬಾರಿಗೇ ಬಿಯರ್ ಕುಡಿಸಬಹುದಿತ್ತು," ಎಂದು ತಾಯಿ ಮಗಳು ಒಟ್ಟಿಗೆ ಮುಗಿಸಿದರು.

"ನಗ್ರಿ, ನಗ್ರಿ. ಹದಿನೆಂಟು ಕಣೇ! ಹದಿನೆಂಟಕ್ಕೆ ಒಂದು ಬಾಟಲು. ರಾಜರ ಥರ ಕೂತ್ಕೋತಿದ್ವಿ. ಟೇಬಲ್ ತುಂಬ ಬಾಟಲು."

"ಆಗ ನಿನಗೆ ದಿನಕ್ಕೆ ಎಷ್ಟು ಕೂಲಿ ಬರ್ತಿತ್ತಪ್ಪ?" ಎಂದಳು ಮಗಳು.

"ಅದು ಬೇರೆ ವಿಷಯ."

"ಬೇರೆ ಹೇಗಾಗುತ್ತೆ?"

"ಈರುಳ್ಳಿ ಕಣ್ಣಿಗೆ ಹೋಗ್ತಾ ಇದೆ, ಸುಮ್ನಿರು," ಎಂದು ಅವನು ತೋಳಿನಿಂದ ಕಣ್ಣೊರೆಸಿಕೊಂಡ. ಹೆಂಡತಿ ಬಕೆಟ್ಟಿನಲ್ಲಿ ಕಾಲಾಡಿಸುತ್ತ ನಕ್ಕಳು. ಆಮೇಲೆ, "ರೀ, ಟಿಕ್ಕಣ್ಣ ಬಂದ್ರಾ ಹೋದ ವಾರ?" ಎಂದು ಕೇಳಿದಳು. ಅವನು ಇಲ್ಲವೆಂದು ತಲೆ ಅಲ್ಲಾಡಿಸಿದ. "ಹೋಗಿ ಕರೀರಿ. ಆ ಮನುಷ್ಯ ಬಾಯಿಬಿಟ್ಟು ಹೇಳೋನಲ್ಲ."

ಮರುದಿನ ಕೆಲಸದ ನಡುವೆ ಬಿಡುವು ಮಾಡಿಕೊಂಡು ಅವನು ಟಿಕ್ಕಣ್ಣನ ಅಂಗಡಿಗೆ ಹೋದ. ಅಂಗಡಿ ಎಂದರೆ ಎರಡು ದೊಡ್ಡ ಮಳಿಗೆಗಳ ನಡುವೆ ಒಬ್ಬ ಅಡ್ಡಲಾಗಿ ನಿಲ್ಲುವಷ್ಟು ಜಾಗ. ಗೋಡೆಯ ಮೇಲಿನ ಗಡಿಯಾರಗಳು ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತಿದ್ದವು. ಟಿಕ್ಕಣ್ಣ ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದು ಕೈಗಡಿಯಾರದ ಹೊಟ್ಟೆ ಬಗೆದು ಕೂತಿದ್ದ. ಹತ್ತಿರ ಬಂದು ನೋಡಿದರೆ ಅದು ಅವನದೇ ಕೈಗಡಿಯಾರ. ಬೇರೆಯವರದು ಯಾವುದೂ ಟೇಬಲ್ಲಿನ ಮೇಲಿರಲಿಲ್ಲ.

"ಶನಿವಾರ ಬಾರೋ," ಎಂದ ಪೇಂಟರ್.

"ನೋಡೋಣ."

"ನಿನ್ನ ಸರದಿ ನಾನು ನೋಡ್ಕೋತೀನಿ. ಸುಮ್ನೆ ಬಂದು ಕೂತ್ಕೋ."

ಟಿಕ್ಕಣ್ಣ ಭೂತಗನ್ನಡಿ ತೆಗೆಯದೆ ಹಾಗೇ ತಲೆ ಎತ್ತಿದ. ಒಂದು ಕಣ್ಣು ಸಣ್ಣದು, ಇನ್ನೊಂದು ತಟ್ಟೆಯಷ್ಟು. ಎರಡರಲ್ಲೂ ಸಿಟ್ಟಿತ್ತು.

"ನೀನು ಕುಡಿಸ್ತೀಯಾ, ನಾನು ಕುಡೀತೀನಿ, ಡ್ರೈವರ್ ನೋಡ್ತಾನೆ. ಚೆನ್ನಾಗಿದೆ. ನಾನೇನು ನಿನ್ನ ಮನೆಗೆ ಬಂದಿರೋ ಬೀಗರ ಕಡೆಯೋನಾ?"

"ಹಾಗಲ್ವೋ..."

"ಹಾಗೇ ಅದು. ನನ್ನ ಸರದಿ ನಾನು ಹೇಳೋ ದಿನ ಬರ್ತೀನಿ. ಈಗ ಬೆಳಕಿಗೆ ಅಡ್ಡ ನಿಲ್ಬೇಡ."

ಪೇಂಟರ್ ಹೊರಗೆ ಬಂದ. ದಾರಿಯುದ್ದಕ್ಕೂ ತನ್ನ ಬಲಗೈಯನ್ನೇ ನೋಡಿಕೊಂಡ. ಆ ಅಂಕಿ ಬರೆದದ್ದು ಇದೇ ಕೈ. ಇನ್ನೊಂದು ಸಲ ಬರೆಯಬೇಕಾಗಿ ಬಂದರೆ ಟಿಕ್ಕಣ್ಣನ ಕುರ್ಚಿ ಚೀಲಕ್ಕೇ ಖಾಯಂ ಎನ್ನಿಸಿತು.

ಅವನು ಹಾಗಂದುಕೊಳ್ಳುವುದನ್ನೇ ಕಾಯುತ್ತಿದ್ದಂತೆ ಬಾರಿನ ಯಜಮಾನನ ಮಗಳು ಫೋನ್ ಮಾಡಿದಳು.

"ಪೇಂಟರ್ ಮಾಮ, ಮತ್ತೆ ಏರಿದೆ. ಶನಿವಾರ ಸಂಜೆ ಬಾಗಿಲು ತೆಗೆಯೋದ್ರೊಳಗೆ ಬರೆದುಕೊಡಿ. ಇನ್ನೊಂದು ಮಾತು, ಬರೀ ಮೇಲೆ ಬಳಿಯಬೇಡಿ. ಅಂಕಿ ಇರೋ ಜಾಗ ಬಾವು ಬಂದ ಕೆನ್ನೆ ಥರ ಆಗಿದೆ. ಪೂರ್ತಿ ಕೆರೆದು ಹೊಸದಾಗಿ ಬರೀರಿ."

ಅವಳು ಹೇಳಿದ್ದು ಸುಳ್ಳಲ್ಲ. ಇಷ್ಟು ವರ್ಷದ ಬಣ್ಣ ಒಂದರ ಮೇಲೊಂದು ಕೂತು ಆ ಚೌಕ ಬೋರ್ಡಿನಿಂದ ಹೊರಕ್ಕೆ ಉಬ್ಬಿತ್ತು.

ಶನಿವಾರ ಮಧ್ಯಾಹ್ನ ಬಾಗಿಲು ಹಾಕಿದ ಬಾರಿನಲ್ಲಿ ಅವನು ಏಣಿ ಹತ್ತಿದ. ಕುರ್ಚಿಗಳೆಲ್ಲ ಟೇಬಲ್ಲಿನ ಮೇಲೆ ತಲೆಕೆಳಗಾಗಿ ಕೂತಿದ್ದವು. ದೊಡ್ಡ ಯಜಮಾನ ಬೆತ್ತದ ಕುರ್ಚಿಯಲ್ಲಿ ತೂಕಡಿಸುತ್ತಿದ್ದ. ಪೇಂಟರ್ ಬಣ್ಣ ಕಳಚುವ ಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಕರಣೆಯ ಅಂಚಿನಿಂದ ಮೆಲ್ಲಗೆ ಎಬ್ಬಿಸಿದ. ಕಪ್ಪು ಸುರುಳಿ ಸುರುಳಿಯಾಗಿ ಎದ್ದು ಬಂತು. ಕೆಳಗಿನಿಂದ ಹಳದಿ ಅಂಕಿ ಇಣುಕಿತು. ಅದನ್ನು ಬರೆದದ್ದು ಡ್ರೈವರಿಗೆ ಕೆಲಸ ಖಾಯಂ ಆದ ವರ್ಷ. ಅದರ ಕೆಳಗೆ ಬಿಳಿ. ಅದು ಮಗಳು ಹುಟ್ಟಿದಾಗಿನದು, ನಿದ್ದೆಗೆಟ್ಟು ಬರೆದದ್ದರಿಂದ ಸೊನ್ನೆ ಒಂದು ಕಡೆಗೆ ವಾಲಿತ್ತು. ಅದರ ಕೆಳಗಿನದು ಹಸಿರು. ಯಜಮಾನನಿಗೆ ಆಗ ಹಸಿರಿನ ಹುಚ್ಚು ಹಿಡಿದಿತ್ತು. ಇಳಿದಷ್ಟೂ ಬೆಲೆ ಇಳಿಯುತ್ತಿತ್ತು. ಇಷ್ಟು ದಿನ ಏರಿಸಿದ ಕೈ ಇವತ್ತು ಇಳಿಸುತ್ತಿದೆ ಎಂದುಕೊಂಡು ಅವನು ಒಬ್ಬನೇ ನಕ್ಕ.

ಕಡೆಯ ಪದರ ಬಂದಾಗ ಕರಣೆ ನಿಂತಿತು. ಮೇಲಿನವು ಎಲ್ಲ ಅವಸರಕ್ಕೆ ಬಳಿದವು, ಸಿಪ್ಪೆಯಂತೆ ಕಳಚಿ ಬಂದಿದ್ದವು. ಕೆಳಗಿನದು ಮಾತ್ರ ಮರಕ್ಕೆ ಕಚ್ಚಿಕೊಂಡು ಕೂತಿತ್ತು. ಹೊಸ ಹುಮ್ಮಸ್ಸಿನ ವಯಸ್ಸು, ಸಿಕ್ಕ ಮೊದಲ ಬೋರ್ಡು. ಮರ ಉಜ್ಜಿ, ಅಡಿಬಣ್ಣದ ಅಸ್ತರು ಕೊಟ್ಟು, ಒಣಗಿಸಿ, ಮತ್ತೆ ಉಜ್ಜಿ ಬರೆದಿದ್ದ. ಕೆನೆಬಣ್ಣದ ಒಂದು, ಅದರ ಪಕ್ಕ ಎಂಟು. ಎಂಟರ ಕೆಳಹೊಟ್ಟೆ ಊಟ ಮಾಡಿ ಕೂತ ಮಾವನ ಹೊಟ್ಟೆಯಂತೆ ಸ್ವಲ್ಪ ಮುಂದೆ ಬಂದಿತ್ತು.

ಹದಿನೆಂಟು.

ಅವನು ಏಣಿಯ ಮೇಲೆ ಕೂತುಬಿಟ್ಟ. ಬಾಗಿಲು ತೆಗೆಯಲು ಇನ್ನು ಸ್ವಲ್ಪವೇ ಹೊತ್ತಿತ್ತು. ಕೆರೆದು, ಕಪ್ಪು ಬಳಿದು, ಹೊಸ ಅಂಕಿ ಕೂರಿಸಬಹುದಿತ್ತು. ಆದರೆ ಅವನು ಕೆಳಗಿಳಿದು ಹಿತ್ತಿಲ ನಲ್ಲಿಗೆ ಕೈ ತೊಳೆಯಲು ಹೋದ. ಉಗುರು ಉಗುರಿಗೂ ಸೋಪು ಹಚ್ಚಿ ತೊಳೆದ. ಪೇಂಟರ್ ಕೈ ತೊಳೆಯಲು ಅಷ್ಟು ಹೊತ್ತು ತೆಗೆದುಕೊಂಡದ್ದನ್ನು ಇಲ್ಲಿಯವರೆಗೆ ಯಾರೂ ಕಂಡಿರಲಿಲ್ಲ.

ತೊಳೆದು ಮುಗಿಯುವಷ್ಟರಲ್ಲಿ ಒಳಗೆ ಕೂಗು ಎದ್ದಿತ್ತು. ಮೊದಲು ಒಳಗೆ ಬಂದವನು ಡ್ರೈವರ್. ಅವನ ಗಂಟಲು ಬಸ್‌ಸ್ಟ್ಯಾಂಡಿನಲ್ಲಿ ಪಳಗಿದ್ದು.

"ಹದಿನೆಂಟು! ಲೋ, ಬನ್ರೋ, ಹದಿನೆಂಟು!"

ಹಿಂದಿನಿಂದ ಬಂದವರೆಲ್ಲ ಬೋರ್ಡಿನ ಕೆಳಗೆ ಗುಂಪಾದರು. ಯಜಮಾನನ ಮಗಳು ಗಲ್ಲಾ ಬಿಟ್ಟು ಓಡಿಬಂದಳು. "ಮಾಮ, ಏನಿದು? ಬೇಗ ಬಳೀರಿ ಅದನ್ನ!"

"ಬಳಿಯೋಕೆ ಮುಂಚೆ ಬಾಗಿಲು ತೆಗೆದವರು ಯಾರಮ್ಮಾ?" ಎಂದ ಡ್ರೈವರ್. "ಬೋರ್ಡಲ್ಲಿ ಇದ್ದಷ್ಟೇ. ನಿಮ್ಮಪ್ಪನ ಮಾತು."

"ಹೌದು, ಬೋರ್ಡಲ್ಲಿ ಇದ್ದಷ್ಟೇ!" ಎಂದು ಹತ್ತು ಬಾಯಿ ಒಟ್ಟಿಗೆ ಹೇಳಿದವು.

ಮಗಳು ಅಪ್ಪನ ಕಡೆ ತಿರುಗಿದಳು. ದೊಡ್ಡ ಯಜಮಾನನಿಗೆ ಕಿವಿ ಮಂದ, ಕಣ್ಣು ಚುರುಕು. ಬೋರ್ಡನ್ನು ನೋಡಿದ, ಪೇಂಟರನ ಒದ್ದೆ ಕೈಯನ್ನು ನೋಡಿದ, ಮತ್ತೆ ಬೋರ್ಡನ್ನು ನೋಡಿದ. ಗದ್ದ ಕೆರೆದುಕೊಂಡ.

"ಮಾತು ಅಂದ್ರೆ ಮಾತು," ಎಂದ. "ಹದಿನೆಂಟು."

"ಅಪ್ಪಾ!"

"ತಡಿ, ಮುಗಿಸಿಲ್ಲ. ಟೇಬಲ್ಲಿಗೆ ಒಂದೇ ಬಾಟಲು. ಅದು ಮುಗಿಯೋದ್ರೊಳಗೆ ಹೊಸ ಬೆಲೆ ಬರೀಬೇಕು. ಲೋ ಪೇಂಟರೇ, ಇನ್ನೊಂದು ಸಲ ನೀನು ಹೀಗೆ ಕೈ ತೊಳೆದ್ರೆ ಆ ನಲ್ಲಿಗೇ ಕಟ್ಟಿಹಾಕ್ತೀನಿ."

ಎಲ್ಲರೂ ಹೋ ಎಂದರು. ಪೇಂಟರ್ ಅಷ್ಟು ಹೊತ್ತಿಗೆ ಬೀದಿಯಲ್ಲಿದ್ದ. ಅಷ್ಟು ಜೋರಾಗಿ ಅವನು ಓಡಿ ಬಹಳ ಕಾಲವಾಗಿತ್ತು. ಟಿಕ್ಕಣ್ಣನ ಅಂಗಡಿಯ ಮುಂದೆ ನಿಂತಾಗ ಮಾತಿಗಿಂತ ಏದುಸಿರೇ ಜಾಸ್ತಿ ಬಂತು.

"ಹದಿನೆಂಟು. ಬೋರ್ಡಲ್ಲಿ. ಬಾ."

"ತಲೆ ಕೆಟ್ಟಿದೆಯಾ?"

"ಮೇಲಿನ ಬಣ್ಣ ಎಲ್ಲ ಕೆರೆದೆ. ಕೆಳಗೆ ಅದೇ ಇದೆ. ಯಜಮಾನ ಒಪ್ಪಿದಾನೆ. ಒಂದೇ ಬಾಟಲು. ಇವತ್ತು ನಿನ್ನ ಸರದಿ ಹೇಳ್ಬಹುದು."

ಟಿಕ್ಕಣ್ಣ ಅವನನ್ನು ಮೇಲಿಂದ ಕೆಳಗಿನವರೆಗೂ ನೋಡಿದ. "ನೀನೇ ಬರೆದಿರ್ತೀಯ. ನನ್ನ ಕರೆಯೋಕೆ ಅಂತ. ನಿನ್ನ ಬುದ್ಧಿ ನನಗೆ ಗೊತ್ತಿಲ್ವಾ?"

"ಬಂದು ನೋಡು. ಸುಳ್ಳಾದ್ರೆ ನನ್ನ ಕುಂಚ ಎಲ್ಲ ಮುರಿದು ಒಲೆಗೆ ಹಾಕು."

ಟಿಕ್ಕಣ್ಣ ಎದ್ದ. ಭೂತಗನ್ನಡಿಯನ್ನು ಜೇಬಿಗೆ ಹಾಕಿಕೊಂಡದ್ದನ್ನು ಪೇಂಟರ್ ನೋಡಿದ.

ಬಾರಿನೊಳಗೆ ಬಂದವನು ಯಾರ ನಮಸ್ಕಾರಕ್ಕೂ ತಿರುಗದೆ ನೇರ ಏಣಿ ಹತ್ತಿದ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಮೂಗು ತಾಗುವಷ್ಟು ಹತ್ತಿರ ಬಗ್ಗಿ, ಅಂಕಿಯನ್ನು ಒಂದು ತುದಿಯಿಂದ ನೋಡಲು ತೊಡಗಿದ. ಇಡೀ ಬಾರು ಗ್ಲಾಸನ್ನು ಅರ್ಧದಲ್ಲಿ ಹಿಡಿದು ಕಾಯಿತು. ಪೇಂಟರ್ ಏಣಿಯ ಕಾಲನ್ನು ಹಿಡಿದು ನಿಂತಿದ್ದ. ತಾನು ಮೋಸ ಮಾಡಿಲ್ಲ ಎಂದು ತನಗೇ ಗೊತ್ತು, ಆದರೂ.

"ಏನಂತದೆ ಗಡಿಯಾರ?" ಎಂದು ಡ್ರೈವರ್ ಕೆಳಗಿನಿಂದ ಕೂಗಿದ. "ಇವತ್ತೇ ಹೇಳ್ತೀಯಾ, ನಾಳೆ ಬರ್ಲಾ?"

ಟಿಕ್ಕಣ್ಣ ಉಗುರಿನಿಂದ ಬಣ್ಣವನ್ನು ಮುಟ್ಟಿದ. ಮೂಸಿದ. ಒಂದರ ಬುಡದಲ್ಲಿ ಕೂದಲೆಳೆಯಂಥ ಬಿರುಕುಗಳ ಜಾಲ ಇತ್ತು. ಅದನ್ನು ಬಹಳ ಹೊತ್ತು ನೋಡಿದ.

"ಹಳೇದೇ," ಎಂದ ಕೊನೆಗೆ. "ಇಂಥ ಬಿರುಕು ಒಂದು ದಿನದಲ್ಲಿ ಬರಲ್ಲ. ಇಷ್ಟು ಕೆಟ್ಟ ಎಂಟನ್ನ ಇವನು ಈಗ ಬರೆಯೋದೂ ಇಲ್ಲ."

ಬಾರು ಚಪ್ಪಾಳೆ ತಟ್ಟಿತು. ಟಿಕ್ಕಣ್ಣ ಇಳಿದು, ಕಿಟಕಿಯ ಟೇಬಲ್ಲಿಗೆ ಹೋಗಿ, ತನ್ನ ಕುರ್ಚಿಯಲ್ಲಿ ಕೂತು, ಜೇಬಿನಿಂದ ಹಣ ತೆಗೆದು ಟೇಬಲ್ಲಿನ ಮೇಲಿಟ್ಟ. "ಇವತ್ತು ನನ್ನ ಸರದಿ," ಎಂದು ಜೋರಾಗಿ ಹೇಳಿದ. ಅಷ್ಟು ಜೋರು ಬೇಕಾಗಿರಲಿಲ್ಲ. ಬೇಕೂ ಆಗಿತ್ತು.

ಬಾಟಲು ಬಂತು. ಒಂದೇ. ಮೂವರೂ ಅದನ್ನು ನೋಡಿದರು.

"ಒಂದನ್ನ ಹೇಗೆ ಮೂರು ಮಾಡೋದೋ?" ಎಂದ ಡ್ರೈವರ್. "ಆಗ ಈ ಬೆಲೆಗೆ ಟೇಬಲ್ ತುಂಬ ಇರ್ತಿತ್ತು. ಒಂದು ಪೆಟ್ಟಿಗೆ ಖಾಲಿ ಮಾಡಿ ಏಳ್ತಿದ್ವಿ."

"ರಾಜರ ಥರ," ಎಂದ ಪೇಂಟರ್.

ಬೆತ್ತದ ಕುರ್ಚಿಯಿಂದ ಕೆಮ್ಮಿನಂಥ ಸದ್ದು ಬಂತು. ದೊಡ್ಡ ಯಜಮಾನ ನಗುತ್ತಿದ್ದ. ಕಿವಿ ಮಂದವಾದರೂ ಈ ಮಾತು ಅದು ಹೇಗೋ ಅವನನ್ನು ಮುಟ್ಟಿತ್ತು.

"ಪೆಟ್ಟಿಗೆಯಂತೆ ಪೆಟ್ಟಿಗೆ! ಲೇ ಭಂಡರಾ, ನೀವು ಮೂರು ಜನ ಸೇರಿ ಒಂದು ಬಾಟಲಿಗಿಂತ ಜಾಸ್ತಿ ಯಾವತ್ತು ಕುಡಿದಿದ್ರಿ? ಒಂದು ಬಾಟಲು, ಮೂರು ಗ್ಲಾಸು, ಒಂದು ತಟ್ಟೆ ಕಡಲೆಕಾಯಿ. ಬಾಗಿಲು ಹಾಕೋವರೆಗೂ ಏಳ್ತಿರ್ಲಿಲ್ಲ. ಒಂದು ಬಾಟಲಿಗೆ ಮೂರು ಗ್ಲಾಸು ತೊಳೀಬೇಕು ಅಂತ ನನ್ನ ಹೆಂಡತಿ ನಿಮಗೆ ದಿನಾ ಶಾಪ ಹಾಕ್ತಿದ್ಲು."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪೇಂಟರಿಗೆ ಮಗಳ ಪ್ರಶ್ನೆ ನೆನಪಾಯಿತು. ಆಗ ಕೂಲಿ ಎಷ್ಟು ಬರುತ್ತಿತ್ತು? ಹದಿನೆಂಟು ಕೊಟ್ಟರೆ ಮಾರನೆಯ ದಿನ ಕೆಲಸಕ್ಕೆ ನಡೆದುಕೊಂಡೇ ಹೋಗಬೇಕಾಗುತ್ತಿತ್ತು. ಅದಕ್ಕೇ ಮೂವರೂ ಚಿಲ್ಲರೆ ಕೂಡಿಸಿ ಒಂದನ್ನು ಹೇಳುತ್ತಿದ್ದರು. ಮತ್ತೆ ಅದನ್ನು ಸುರಿಯುವ ಕೆಲಸ...

"ಟಿಕ್ಕಣ್ಣ ಸುರೀತಿದ್ದ," ಎಂದ ಡ್ರೈವರ್, ಬಾಯಿ ತೆರೆದುಕೊಂಡೇ. "ನಾನು ಸುರಿದ್ರೆ ಜಗಳ ಆಗ್ತಿತ್ತು. ಇವನು ಕಣ್ಣಿಗೆ ಅದನ್ನ ಸಿಕ್ಕಿಸ್ಕೊಂಡು..."

"ನಿನ್ನ ಗ್ಲಾಸಲ್ಲಿ ನೊರೆ ಜಾಸ್ತಿ ಅಂತ ನೀನು ಅತ್ತಿದ್ದೂ ಉಂಟು," ಎಂದ ಟಿಕ್ಕಣ್ಣ.

"ಅತ್ತಿಲ್ಲ ಕಣೋ. ಕಣ್ಣಿಗೆ ಧೂಳು ಬಿದ್ದಿತ್ತು."

ಟಿಕ್ಕಣ್ಣ ಎರಡು ಗ್ಲಾಸು ಹೆಚ್ಚಿಗೆ ತರಿಸಿ, ಮೂರನ್ನೂ ಅಂಚಿಗೆ ಅಂಚು ತಾಗುವಂತೆ ಸಾಲಾಗಿ ಇಟ್ಟ. ಭೂತಗನ್ನಡಿ ಕಣ್ಣಿಗೆ ಬಂತು. ಬಾಟಲನ್ನು ಓರೆ ಮಾಡಿ ಒಂದಕ್ಕೆ ಸ್ವಲ್ಪ, ಇನ್ನೊಂದಕ್ಕೆ ಸ್ವಲ್ಪ ಸುರಿದ. ನೊರೆ ಇಳಿಯುವವರೆಗೆ ಕಾದು, ಗದ್ದವನ್ನು ಟೇಬಲ್ಲಿಗೆ ಊರಿ ಮೂರರ ಮಟ್ಟವನ್ನೂ ನೋಡಿ, ಡ್ರೈವರನ ಗ್ಲಾಸಿಗೆ ಇನ್ನೊಂದೆರಡು ಹನಿ ಬಿಟ್ಟ. ಪಕ್ಕದ ಟೇಬಲ್ಲಿನವರು ಕತ್ತು ಚಾಚಿ ನೋಡುತ್ತಿದ್ದರು.

ಅವರು ಅದನ್ನು ರಾತ್ರಿಯವರೆಗೂ ಕುಡಿದರು. ಕಡಲೆಕಾಯಿಯ ಸಿಪ್ಪೆ ಗುಡ್ಡೆಯಾಯಿತು. ಡ್ರೈವರ್ ತನ್ನ ಬಸ್ಸಿನಲ್ಲಿ ಕೋಳಿಗೆ ಟಿಕೆಟ್ ಬೇಡವೆಂದು ಜಗಳವಾಡಿದ ಮುದುಕಿಯ ಕಥೆ ಹೇಳಿದ. ಟಿಕ್ಕಣ್ಣ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನಡುವೆ ಯಜಮಾನನ ಮಗಳು ಬಂದು ಸೊಂಟಕ್ಕೆ ಕೈಕೊಟ್ಟು ನಿಂತಳು. "ಮಾಮ, ನಿಮ್ಮದು ಮುಗಿಯೋದಿಲ್ಲ, ನನ್ನದು ಬರೆಯೋದಿಲ್ಲ. ಎಲ್ಲರೂ ನಿಮ್ಮನ್ನ ನೋಡಿ ತೊಟ್ಟು ತೊಟ್ಟು ಕುಡೀತಾ ಇದಾರೆ!"

ಪೇಂಟರ್ ನಕ್ಕು ಏಣಿ ಹತ್ತಿದ. ಹಳೇ ಅಂಕಿಯನ್ನು ಕೆರೆಯಲಿಲ್ಲ. ಅದರ ಮೇಲೆ ತೆಳ್ಳಗೆ ಕಪ್ಪು ಬಳಿದ. ಮೇಲುಗಡೆಯ ಬಾವು ಇಳಿದಿತ್ತು, ಅವಳಿಗೆ ಬೇಕಾದದ್ದೂ ಅಷ್ಟೇ. ಕಪ್ಪು ಒಣಗಿದ ಮೇಲೆ ಹೊಸ ಬೆಲೆ ಬರೆದಾಗ ಬಾರಿನ ತುಂಬ ಎಂದಿನ ಗೊಣಗಾಟ ಎದ್ದಿತು. "ಬರೆದ ನೋಡು, ಪಾಪಿ!" ಎಂದು ಯಾರೋ ಕೂಗಿದರು. ಪೇಂಟರ್ ತಿರುಗಿ ನೋಡಿದ್ದು ಕಿಟಕಿಯ ಕಡೆಗೆ ಮಾತ್ರ. ಟಿಕ್ಕಣ್ಣ ಹೊಸ ಅಂಕಿಯನ್ನು ನೋಡುತ್ತಿದ್ದ. ಮುಖದಲ್ಲಿ ಏನಿದೆ ಎಂದು ಅಲ್ಲಿಂದ ಕಾಣಲಿಲ್ಲ.

ಇಳಿದು ಬಂದು ಕುಂಚ ಒರೆಸಿಕೊಳ್ಳುತ್ತ ಕೇಳಿಯೇಬಿಟ್ಟ. "ಮುಂದಿನ ಶನಿವಾರ?"

"ಮುಂದಿನ ಶನಿವಾರ ಡ್ರೈವರನ ಸರದಿ," ಎಂದ ಟಿಕ್ಕಣ್ಣ. "ಒಂದು ಬಾಟಲು, ಮೂರು ಗ್ಲಾಸು. ಅದರ ಮುಂದಿನದು ನಿನ್ನದು. ಆಮೇಲೆ ನನ್ನದು. ಏನು, ನಿಮಗೆ ಸಾಲಲ್ವಾ?"

"ನನಗೆ ಸಾಕಪ್ಪ," ಎಂದ ಡ್ರೈವರ್. "ಡಾಕ್ಟರೂ ಅದನ್ನೇ ಹೇಳಿದ್ರು. ನಿಮ್ಮ ಮುಂದೆ ಹೇಳೋಕೆ ನಾಚಿಕೆ ಆಗಿತ್ತು."

ಅಂದು ಮನೆಗೆ ಬಂದಾಗ ಹೆಂಡತಿ ಅವನ ಮುಖ ನೋಡಿಯೇ, "ಬಂದ್ರು ಅಲ್ವಾ?" ಎಂದಳು. ಮಗಳು ಎಷ್ಟು ಕುಡಿದಿರಿ ಎಂದು ಕೇಳಿದಳು. ಮೂವರು ಸೇರಿ ಒಂದು ಎಂದಾಗ, "ಅಬ್ಬಾ, ರಾಜರು!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನು ಸಿಟ್ಟಾಗಲಿಲ್ಲ. ಅವಳ ಹೊಸ ಶೂಗಳನ್ನು ಬಾಗಿಲ ಬಳಿ ಜೋಡಿಸಿಟ್ಟು, "ಹೂಂ. ಹಾಗೇ ಇದ್ವಿ," ಎಂದ.

ಮುಂದಿನ ಶನಿವಾರ ಪೇಂಟರ್ ಹೋಗುವ ಹೊತ್ತಿಗೆ ಡ್ರೈವರನ ಚೀಲ ಕಾಲ ಬಳಿ ನೆಲದ ಮೇಲಿತ್ತು. ಟೇಬಲ್ಲಿನ ಮೇಲೆ ಮೂರು ಗ್ಲಾಸು ಸಾಲಾಗಿ ನಿಂತಿದ್ದವು. ಟಿಕ್ಕಣ್ಣ ಗದ್ದ ಊರಿ, ಒಂದು ಕಣ್ಣು ಮುಚ್ಚಿ, ಇನ್ನೊಂದಕ್ಕೆ ಭೂತಗನ್ನಡಿ ಸಿಕ್ಕಿಸಿಕೊಂಡು, ನೊರೆ ಇಳಿಯುವುದನ್ನು ಕಾಯುತ್ತಿದ್ದ.

"ಬೆಳಕಿಗೆ ಅಡ್ಡ ನಿಲ್ಬೇಡ," ಎಂದ ತಲೆ ಎತ್ತದೆ. "ಕೂತ್ಕೋ."